ಬಾಗಿಲಾಚೆ ನಿಂತ ವೈದ್ಯರು

ಲೋಸ್ ಪಲಾಸಿಯೋಸ್, ಕ್ಯೂಬಾ
30 ಆಗಸ್ಟ್ 2005

ಎವೆಲಿಯೋ ಅಣ್ಣಾ,

ನಿನ್ನೆ ಬೆಳಗಿನಿಂದ ನಿನ್ನ ಮನೆಗೆ ಫೋನ್ ಮಾಡಿ ಮಾಡಿ ಬೆರಳು ಸೋತಿದೆ. ಮೊದಲು ಗಂಟೆ ಬಾರಿಸುತ್ತಿತ್ತು. ಆಮೇಲೆ ಅದೂ ನಿಂತಿತು. ಟಿವಿಯಲ್ಲಿ ನಿಮ್ಮ ಲೂಸಿಯಾನಾವನ್ನೇ ತೋರಿಸುತ್ತಿದ್ದಾರೆ. ನೀರಿನ ಮೇಲೆ ಬರೀ ಛಾವಣಿಗಳು. ಚಾಲ್ಮೆಟ್ ಎಂಬ ಹೆಸರು ಒಮ್ಮೆ ಕೇಳಿಸಿತು. ಓಡಿ ಹೋಗಿ ಧ್ವನಿ ಹೆಚ್ಚಿಸುವಷ್ಟರಲ್ಲಿ ಬೇರೆ ಊರಿನ ಸುದ್ದಿ ಶುರುವಾಗಿತ್ತು.

ನೀವು ಮೊದಲೇ ಊರು ಬಿಟ್ಟಿದ್ದೀರಿ ಎಂದುಕೊಂಡು ಬರೆಯುತ್ತಿದ್ದೇನೆ. ಬಿಟ್ಟಿದ್ದೀರಿ ತಾನೆ? ನಿನ್ನನ್ನು ನಾನು ಬಲ್ಲೆ. "ಇಂಥ ಗಾಳಿ ಎಷ್ಟು ನೋಡಿಲ್ಲ" ಎಂದು ಕುರ್ಚಿಯಲ್ಲಿ ಕಾಲು ಚಾಚಿ ಕೂತಿರುತ್ತೀಯ. ಜುಲೈನಲ್ಲಿ ಇಲ್ಲಿಗೆ ಚಂಡಮಾರುತ ಬಂದಾಗ ಸ್ಥಳಾಂತರದ ಬಸ್ಸಿಗೆ ಜನರನ್ನು ಹತ್ತಿಸುತ್ತಿದ್ದ ನಮ್ಮ ಬೀದಿಯ ಕೂಕಾ ಮಾಡಿದ್ದನ್ನು ಫೋನಿನಲ್ಲಿ ಹೇಳಿದ್ದೆನಲ್ಲ? ನಾನು ಕೋಳಿಗಳನ್ನು ಬಿಟ್ಟು ಬರುವುದಿಲ್ಲ ಎಂದು ಹಟ ಹಿಡಿದರೆ, ಅವಳು ಬೀದಿ ನಡುವೆ ನಿಂತು, "ಏನ್ ಡಾಕ್ಟ್ರಮ್ಮ, ನಿಮಗಿಂತ ಕೋಳಿಗೇ ಬುದ್ಧಿ ಇದೆ, ಆಗ್ಲೇ ಬಸ್ ಹತ್ರ ಬಂದಿವೆ!" ಎಂದು ಕೂಗಿ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋದಳು. ಕೇಳಿ ನೀನು ಉಸಿರು ಕಟ್ಟುವಷ್ಟು ನಕ್ಕೆ. ನಿಮ್ಮ ಬೀದಿಯಲ್ಲಿ ಅಂಥವಳೊಬ್ಬಳು ಇದ್ದಳೇ? ಬಸ್ಸಾದರೂ ಬಂದಿತ್ತೇ?

ನನಗೆ ಚಿಂತೆ ವರ್ನಾ ಅತ್ತಿಗೆಯದು. ಇನ್ಸುಲಿನ್ ಎಷ್ಟು ದಿನಕ್ಕಿದೆ? ವಿದ್ಯುತ್ ಇಲ್ಲದಿದ್ದರೆ ಒದ್ದೆ ಬಟ್ಟೆಯಲ್ಲಿ ಸುತ್ತಿ ಮಣ್ಣಿನ ಪಾತ್ರೆಯಲ್ಲಿಡು. ಅವಳ ಕಾಲಿಗೆ ಒಂದು ಗೀರೂ ಬೀಳದಂತೆ ನೋಡಿಕೋ. ನೆರೆಯ ನೀರಿಗೆ ಬರಿಗಾಲಿನಲ್ಲಿ ಇಳಿಯಬಾರದೆಂದು ಹೇಳು. ಹೇಳುವುದಲ್ಲ, ಬೈದು ಹೇಳು.

ಈ ಕಾಗದ ಮೆಕ್ಸಿಕೋದ ಮೆರಿದಾದಲ್ಲಿರುವ ಗ್ವಾದಲೂಪೆಯ ಕೈಸೇರುತ್ತದೆ. ಅವಳು ನನ್ನ ಜೊತೆ ಹವಾನಾದಲ್ಲಿ ಓದಿದವಳು. ಅವಳೇ ಹೊಸ ಲಕೋಟೆಗೆ ಹಾಕಿ ನಿನಗೆ ಕಳಿಸುತ್ತಾಳೆ. ನಮ್ಮಿಂದ ನಿಮಗೆ ನೇರ ಅಂಚೆಯನ್ನು ನಂಬಿದರೆ ಮುಂದಿನ ಚಂಡಮಾರುತದ ಹೊತ್ತಿಗೆ ಸಿಗುತ್ತದೆ. ಅವಳ ವಿಳಾಸಕ್ಕೇ ಉತ್ತರ ಬರೆ. ಎರಡೇ ಸಾಲು ಸಾಕು.

ನಿನ್ನ ತಂಗಿ
ಒದಾಲಿಸ್


ಹವಾನಾ
5 ಸೆಪ್ಟೆಂಬರ್ 2005

ಅಣ್ಣಾ,

ನಾನು ನಿನ್ನ ಕಡೆಗೇ ಬರುತ್ತಿದ್ದೇನೆ!

ನಿಮ್ಮ ದೇಶಕ್ಕೆ ವೈದ್ಯರನ್ನು ಕಳಿಸುತ್ತೇವೆಂದು ನಮ್ಮವರು ಹೇಳಿದ್ದಾರೆ. ಕೇಳಿದ ಕೂಡಲೇ ಹೆಸರು ಕೊಟ್ಟೆ. ಸಾವಿರಕ್ಕೂ ಹೆಚ್ಚು ಜನ ಇಲ್ಲಿ ಸೇರಿದ್ದೇವೆ. ಒಬ್ಬೊಬ್ಬರಿಗೂ ಒಂದು ಬೆನ್ನುಚೀಲ. ಸೆಲೈನ್, ಹೊಲಿಗೆ ದಾರ, ಆಂಟಿಬಯೋಟಿಕ್, ಜೊತೆಗೆ ಇನ್ಸುಲಿನ್. ಹೊತ್ತುಕೊಂಡರೆ ನಾನೇ ಹಿಂದಕ್ಕೆ ವಾಲುತ್ತೇನೆ. ವಿಮಾನದಲ್ಲಿ ಒಂದೂವರೆ ಗಂಟೆಯ ದಾರಿ. ಅನುಮತಿ ಬಂದ ಕ್ಷಣ ಹೊರಡುವುದೇ.

ಕಾಯುವ ಹೊತ್ತಿಗೆ ಇಂಗ್ಲಿಷ್ ಕಲಿಸುತ್ತಿದ್ದಾರೆ. ಟೀಚರು "ನೋವು ಎಲ್ಲಿದೆ?" ಎಂಬುದನ್ನು ಇಂಗ್ಲಿಷಿನಲ್ಲಿ ಹೇಳುತ್ತಾರೆ, ನಾವೆಲ್ಲ ಚಿಕ್ಕ ಮಕ್ಕಳ ಹಾಗೆ ರಾಗ ಎಳೆಯುತ್ತೇವೆ. ನನ್ನ ಪಕ್ಕದ ಹೆರಿಬೆರ್ತೋ ಓಲ್ಗೀನ್ ಊರಿನ ಶಸ್ತ್ರವೈದ್ಯ, ಮಹಾ ಹರಟೆಮಲ್ಲ. "ಪ್ರಶ್ನೆಯೇನೋ ಬಾಯಿಪಾಠ ಆಯ್ತು. ಅವರು ಉತ್ತರ ಹೇಳಿದ್ರೆ ಏನ್ಮಾಡ್ತೀಯ?" ಎಂದ. "ಅಲ್ಲಿ ನಮ್ಮತ್ತಿಗೆ ಇದಾಳೆ, ಅರ್ಥ ಹೇಳ್ತಾಳೆ" ಎಂದೆ. "ಅತ್ತಿಗೆ ಸ್ಪ್ಯಾನಿಷ್ ಮಾತಾಡ್ತಾಳಾ?" "ಮಾತಾಡ್ತಾಳೆ, ನಮ್ಮ ಮುತ್ತಜ್ಜಿ ಕಾಲದ್ದು. ಅವಳು ಬಾಯಿ ಬಿಟ್ರೆ ಹಳೇ ಹಡಗಿಂದ ಈಗ್ತಾನೆ ಇಳಿದಂಗೆ ಇರುತ್ತೆ." ಅವಳ ಪೂರ್ವಿಕರು ಇನ್ನೂರು ವರ್ಷದ ಹಿಂದೆ ಸ್ಪೇನಿನ ಕ್ಯಾನರಿ ದ್ವೀಪಗಳಿಂದ ಲೂಸಿಯಾನಾದ ಜೌಗಿಗೆ ಬಂದವರೆಂದು ಹೇಳಿದೆ. ಅವನು ನಂಬಲೇ ಇಲ್ಲ.

ಅಮ್ಮನ ಮಣ್ಣಿಗೆ ನೀನು ಹೋದ ವರ್ಷ ಬಂದಾಗ ನಮ್ಮ ಸರ್ಕಾರದ ವಿಷಯಕ್ಕೆ ಜಗಳವಾಡಿ ಹೊರಟೆಯಲ್ಲ, ಅದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಡ. ನಾನೂ ಇಟ್ಟುಕೊಂಡಿಲ್ಲ. ಯಾವ ಶಿಬಿರದಲ್ಲಿದ್ದರೂ ನಿಮ್ಮನ್ನು ಹುಡುಕುತ್ತೇನೆ. ವರ್ನಾಳಿಗೆ ಹೇಳು, ಡಾಕ್ಟರು ಮನೆಗೇ ಬರುತ್ತಿದ್ದಾಳೆ ಎಂದು.

ಒದಾಲಿಸ್


ಹವಾನಾ
14 ಸೆಪ್ಟೆಂಬರ್ 2005

ಅಣ್ಣಾ,

ಇನ್ನೂ ಇಲ್ಲೇ ಇದ್ದೇನೆ.

ಬೆಳಗಾದರೆ ಬಿಳಿ ಕೋಟು ತೊಟ್ಟು ಸಾಲಾಗಿ ನಿಲ್ಲುತ್ತೇವೆ, ಸಂಜೆ ಕಳಚಿ ಗೂಟಕ್ಕೆ ಹಾಕುತ್ತೇವೆ. ನಿಮ್ಮ ಸರ್ಕಾರದಿಂದ ಒಂದು ಮಾತಿಲ್ಲ. ಬೇಡವಾದರೆ ಬೇಡ ಎನ್ನಲಿ. ಬಾಗಿಲು ತಟ್ಟಿದವರು ಶತ್ರುವೇ ಆಗಿರಲಿ, ಒಳಗಿನಿಂದ "ಯಾರು?" ಎಂದಾದರೂ ಕೇಳುತ್ತಾರೆ. ಇವರು ತಟ್ಟಿದ್ದೇ ಕೇಳಿಸಲಿಲ್ಲ ಎಂಬಂತೆ ಕೂತಿದ್ದಾರೆ. ಯಾರೋ ಅಧಿಕಾರಿ ತಮ್ಮಲ್ಲಿ ಸಾಕಷ್ಟು ವೈದ್ಯರಿದ್ದಾರೆಂದು ಹೇಳಿದನಂತೆ. ಅದೇ ಟಿವಿಯಲ್ಲಿ ಮುದುಕಿಯೊಬ್ಬಳು ಗಾಲಿ ಕುರ್ಚಿಯಲ್ಲೇ ಸತ್ತು ಕೂತಿದ್ದಳು, ಮೇಲೊಂದು ಹೊದಿಕೆ ಮುಚ್ಚಿ ಎಲ್ಲರೂ ಹಾದುಹೋಗುತ್ತಿದ್ದರು. ಹೆರಿಬೆರ್ತೋ ಎದ್ದು ಹೊರಗೆ ಹೋದ.

ಚೀಲದಲ್ಲಿದ್ದ ಇನ್ಸುಲಿನ್ ಕೆಡಬಾರದೆಂದು ಎಲ್ಲವನ್ನೂ ಅಡುಗೆಮನೆಯ ಫ್ರಿಜ್ಜಿಗೆ ಸಾಗಿಸಿದ್ದೇವೆ. ಹಾಲಿನ ಡಬ್ಬಿಯ ಪಕ್ಕದಲ್ಲಿ ಅದು ಕೂತಿರುವುದನ್ನು ನೋಡಿದರೆ ನನಗೆ ಮೈ ಉರಿಯುತ್ತದೆ.

ನಿನ್ನಿಂದಲೂ ಒಂದು ಸಾಲಿಲ್ಲ. ಬದುಕಿದ್ದೀಯ ಎಂದು ಗೊತ್ತು. ನಿಮ್ಮ ಬೀದಿಯವರನ್ನು ದೋಣಿಯಲ್ಲಿ ಸಾಗಿಸಿದರೆಂದು ಗ್ವಾದಲೂಪೆ ಎಲ್ಲೋ ವಿಚಾರಿಸಿ ತಿಳಿಸಿದಳು. ಹಾಗಾದರೆ ಯಾಕೆ ಬರೆಯುತ್ತಿಲ್ಲ? ಆ ಜಗಳವೇ? ಇಷ್ಟು ದೊಡ್ಡ ನೀರು ಬಂದು ಎಲ್ಲವನ್ನೂ ಕೊಚ್ಚಿಕೊಂಡು ಹೋಗಿರುವಾಗ ನಿನ್ನ ಸಿಟ್ಟೊಂದು ಮಾತ್ರ ಉಳಿದುಕೊಂಡಿತೇ?

ಒದಾಲಿಸ್


ಟೆಕ್ಸಸ್
18 ಸೆಪ್ಟೆಂಬರ್ 2005

ಒದಾ,

ನಾವು ಕ್ಷೇಮ. ಚಾಲ್ಮೆಟ್ಟಿನ ಮನೆ ಇಲ್ಲ, ಅಲ್ಲಿಗೆ ಬರೆಯಬೇಡ. ಅಲ್ಲಿಗೆ ಬರೆದದ್ದೇನಿದ್ದರೂ ನನಗೆ ಸಿಕ್ಕಿಲ್ಲ. ಗ್ವಾದಲೂಪೆಯ ವಿಳಾಸ ಬಾಯಿಪಾಠವಿದ್ದದ್ದರಿಂದ ಇದನ್ನು ಬರೆಯಲಾಯಿತು. ಇಲ್ಲಿ ಚರ್ಚಿನ ಹೆಂಗಸೊಬ್ಬರು ಕಾಗದ, ಪೆನ್ನು ಕೊಟ್ಟರು, ಉತ್ತರಕ್ಕೆ ತಮ್ಮ ವಿಳಾಸವನ್ನೂ ಕೊಟ್ಟರು.

ಟೆಕ್ಸಸ್ಸಿನ ಒಂದು ಆಟದ ಒಳಾಂಗಣದಲ್ಲಿದ್ದೇವೆ. ಮಂಚ ಇದೆ, ಊಟ ಇದೆ. ವರ್ನಾಳ ಕಾಲಿಗೆ ಸ್ವಲ್ಪ ಪೆಟ್ಟಾಗಿತ್ತು. ಈಗ ಅವಳಿಗೆ ನೋವಿಲ್ಲ. ವಿಶ್ರಾಂತಿಯಲ್ಲಿದ್ದಾಳೆ.

ನಿಮ್ಮವರು ವೈದ್ಯರನ್ನು ಕಳಿಸುತ್ತೇವೆಂದು ಜಂಬ ಕೊಚ್ಚುವುದನ್ನು ಇಲ್ಲಿಯ ಟಿವಿಯಲ್ಲಿ ತೋರಿಸಿದರು. ಬಿಳಿ ಕೋಟು ತೊಡಿಸಿ ಸಾಲಾಗಿ ಕೂರಿಸಿದ್ದರು, ಫೋಟೋಕ್ಕೆ. ಇಪ್ಪತ್ತೆರಡರ ಹುಡುಗ ನಾನು ದೇಶ ಬಿಟ್ಟು ಅಮೆರಿಕಕ್ಕೆ ಹೋಗುತ್ತೇನೆಂದಾಗ ಇದೇ ಸರ್ಕಾರದವರು ಬೀದಿ ತುಂಬ ಜನ ಸೇರಿಸಿ, "ಹುಳು ತೊಲಗಲಿ" ಎಂದು ಕೂಗಿಸಿ, ನಮ್ಮಮ್ಮನ ಬಾಗಿಲಿಗೆ ಮೊಟ್ಟೆ ಎಸೆಸಿದರು. ಈಗ ಹುಳುಗಳ ಮೇಲೆ ಕರುಣೆ ಉಕ್ಕಿದೆ. ನೀನು ಆ ಮೆರವಣಿಗೆಗೆಲ್ಲ ಹೋಗಬೇಡ. ನಿನ್ನ ಆಸ್ಪತ್ರೆ, ನಿನ್ನ ರೋಗಿಗಳನ್ನು ನೋಡಿಕೋ.

ಎವೆಲಿಯೋ


ಹವಾನಾ
6 ಅಕ್ಟೋಬರ್ 2005

ಎವೆಲಿಯೋ,

ಅಣ್ಣ ಎಂದು ಬರೆಯಲು ಇಂದು ಕೈ ಬರುತ್ತಿಲ್ಲ.

ಫೋಟೋಕ್ಕೆ ಕೂರಿಸಿದ್ದರು ಎಂದೆಯಲ್ಲ, ಆ ಫೋಟೋದಲ್ಲಿ ನಾನಿದ್ದೆ. ಸೆಪ್ಟೆಂಬರ್ ನಾಲ್ಕರಿಂದ ಇಲ್ಲಿದ್ದೇನೆ. ನನ್ನ ರೋಗಿಗಳನ್ನು ಬೇರೆಯವರಿಗೆ ಒಪ್ಪಿಸಿ ಬಂದವಳು. ಯಾವ ಸರ್ಕಾರವೂ ನನ್ನ ಕೈಹಿಡಿದು ಎಳೆತರಲಿಲ್ಲ. ನನ್ನಣ್ಣ, ನನ್ನತ್ತಿಗೆ ನೀರಿನಲ್ಲಿದ್ದಾರೆ ಎಂದು ಬಂದೆ. ಆ ಮೊಟ್ಟೆಯ ಲೋಳೆಯನ್ನು ಬಾಗಿಲಿನಿಂದ ಉಜ್ಜಿ ತೊಳೆದವಳೂ ನಾನೇ. ನನಗೂ ನೆನಪಿದೆ. ಅದಕ್ಕೇ ಹೇಳುತ್ತಿದ್ದೇನೆ, ಅವರ ಮೇಲಿನ ಸಿಟ್ಟನ್ನು ನನ್ನ ಚೀಲದ ಮೇಲೆ ತೀರಿಸಬೇಡ.

ಇನ್ನು ವರ್ನಾಳ ಕಾಲು. "ಸ್ವಲ್ಪ ಪೆಟ್ಟು" ಎಂದು ಬರೆದು ಸುಮ್ಮನಾಗಿದ್ದೀಯ. ಸಕ್ಕರೆ ಕಾಯಿಲೆಯವರ ಕಾಲಿಗೆ ಸ್ವಲ್ಪ ಪೆಟ್ಟು ಎಂಬುದೇ ಇಲ್ಲ. ಯಾವ ಕಾಲು? ಗಾಯದ ಸುತ್ತ ಬಣ್ಣ ಹೇಗಿದೆ? ಜ್ವರ ಇದೆಯೇ? ವಾಸನೆ ಬರುತ್ತಿದೆಯೇ? ನೋವಿಲ್ಲ ಎಂದರೆ ಸಂತೋಷಪಡಬೇಡ, ನರ ಸತ್ತರೂ ನೋವಿರುವುದಿಲ್ಲ. ಯಾವ ಔಷಧಿ ಕೊಡುತ್ತಿದ್ದಾರೆಂದು ಚೀಟಿ ನೋಡಿ ಹಾಗೇ ಬರೆದು ಕಳಿಸು. ಅವಳ ಕೈಯಿಂದಲೇ ಎರಡು ಸಾಲು ಬರೆಸು. ಅವಳ ಕಾಗುಣಿತ ತಪ್ಪಿದ್ದರೂ ಅವಳು ನಿನ್ನಂತೆ ವಿಷಯ ನುಂಗುವವಳಲ್ಲ.

ಒದಾಲಿಸ್


ಟೆಕ್ಸಸ್
30 ಅಕ್ಟೋಬರ್ 2005

ಒದಾ,

ನಿನ್ನ ಪ್ರಶ್ನೆಗಳಿಗೆ ಉತ್ತರ: ಎಡಗಾಲು. ಮೊದಲು ಕೆಂಪು, ಆಮೇಲೆ ನೀಲಿ, ಆಮೇಲೆ ಕಪ್ಪು. ಜ್ವರ ಇತ್ತು. ವಾಸನೆ ಇತ್ತು.

ವರ್ನಾ ಸೆಪ್ಟೆಂಬರ್ ಒಂಬತ್ತರಂದು ತೀರಿಕೊಂಡಳು. ನಿನಗೆ ಮೊದಲ ಕಾಗದ ಬರೆದಾಗ ಅವಳು ಪಕ್ಕದ ಮಂಚದಲ್ಲಿರಲಿಲ್ಲ. ಕಾಗದದಲ್ಲಿ ಬರೆದರೆ ಅದು ಆಗಿಹೋಗಿದೆ ಎಂದು ನಾನೇ ಒಪ್ಪಿದಂತಾಗುತ್ತಿತ್ತು. ಅದಕ್ಕೇ ಹಾಗೆ ಬರೆದೆ.

ಹೇಗಾಯಿತೆಂದು ಹೇಳುತ್ತೇನೆ. ಬೆಳಿಗ್ಗೆ ಕಾಫಿ ಕಾಯಿಸುತ್ತಿದ್ದಳು. ಬಾಗಿಲ ಸಂದಿಯಿಂದ ನೀರು ಬಂತು. ಬಟ್ಟೆ ಒತ್ತಿದೆವು. ಕಾಫಿ ಉಕ್ಕುವಷ್ಟರಲ್ಲಿ ನೀರು ಸೊಂಟಕ್ಕಿತ್ತು. ಅಟ್ಟಕ್ಕೆ ಹತ್ತಿದೆವು. ಅಲ್ಲೂ ಬಂದಾಗ ಕೊಡಲಿಯಿಂದ ಛಾವಣಿ ಒಡೆದು ಅವಳನ್ನು ಮೇಲೆ ತಳ್ಳಿದೆ. ತಳ್ಳುವಾಗ ಹಲಗೆಯ ಮೊಳೆ ಪಾದವನ್ನು ಸೀಳಿತು. ಅವಳ ಚಿಕ್ಕಪ್ಪನ ಮಗ ಲಾಯ್ಡ್ ತನ್ನ ಸೀಗಡಿ ದೋಣಿಯಲ್ಲಿ ಬಂದು ನಮ್ಮನ್ನು ಇಳಿಸಿಕೊಂಡ. ಇಪ್ಪತ್ತು ವರ್ಷದಿಂದ ನನ್ನನ್ನು "ಏಯ್ ಕ್ಯೂಬಾ" ಎಂದು ಕೆಣಕುತ್ತಿದ್ದವನು ಅಂದು ತನ್ನ ಅಂಗಿ ಹರಿದು ಅವಳ ಪಾದಕ್ಕೆ ಕಟ್ಟಿದ. ಶಾಲೆಯ ಮಹಡಿಯಲ್ಲಿ ಬಿಟ್ಟ. ಅಲ್ಲಿ ಎಣ್ಣೆ ಬೆರೆತ ಆ ನೀರೇ ಎಲ್ಲಕ್ಕೂ. ಔಷಧಿ ಮನೆಯೊಂದಿಗೇ ಹೋಗಿತ್ತು. ಬಸ್ಸು ಸಿಕ್ಕಿ ಈ ಊರಿಗೆ ಬರುವ ಹೊತ್ತಿಗೆ ಅವಳು ನನ್ನ ಹೆಗಲ ಮೇಲೇ ಇದ್ದಳು.

ಇಲ್ಲಿ ಕೈಗೆ ಬಣ್ಣದ ಪಟ್ಟಿ ಕಟ್ಟಿದರು. ಅವಳದು ಹಳದಿ. ಕಾಯಬಹುದು ಎಂದು ಅರ್ಥ. ಸಾವಿರಾರು ಜನಕ್ಕೆ ಇದ್ದದ್ದು ಇಬ್ಬರು ವೈದ್ಯರು. ಮೂರನೆಯವನೊಬ್ಬ ದೂರದ ರಾಜ್ಯದಿಂದ ಕಾರು ಓಡಿಸಿಕೊಂಡು ಬಂದಿದ್ದ. ಬಾಗಿಲಲ್ಲಿದ್ದವನು, "ಈ ರಾಜ್ಯದ ಪರವಾನಗಿ ಇಲ್ಲ, ಸರ್. ಒಳಗೆ ಬಿಡಕ್ಕಾಗಲ್ಲ" ಎಂದ. ಆ ವೈದ್ಯ ಗಾಜಿನಾಚೆ ನಿಂತು ಒಳಗೆ ನೋಡುತ್ತಿದ್ದ. ನಾನು ಈಚೆಯಿಂದ ಅವನನ್ನು ನೋಡುತ್ತಿದ್ದೆ.

ನಿಮ್ಮ ಸುದ್ದಿ ಟಿವಿಯಲ್ಲಿ ಬಂದಾಗ ಅವಳಿಗೆ ಎಚ್ಚರವಿತ್ತು. ಯಾರೋ, "ಕ್ಯೂಬಾ ಡಾಕ್ಟರುಗಳಂತೆ! ಬರೋವಾಗ ಸಿಗಾರ್ ತರ್ತಾರಾ?" ಎಂದ. ಸುತ್ತ ನಗು. ವರ್ನಾ ತಲೆ ಎತ್ತಿ, "ಬರ್ಲಿ ಬಿಡ್ರೋ. ಯಾರಾದ್ರೂ ಬರ್ಲಿ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ತಂಗಿ ಇಲ್ಲಿದ್ದಿದ್ರೆ ನನ್ನ ಕಾಲು ನೋಡೋಕ್ ಮುಂಚೆ ನಿನ್ನ ಜನ್ಮ ಜಾಲಾಡ್ತಿದ್ಲು" ಎಂದು ಸಣ್ಣಗೆ ನಕ್ಕಳು.

ಕೊನೆಗೆ ಬಂದ ವೈದ್ಯೆ ಚಿಕ್ಕ ಹುಡುಗಿ. ಕಣ್ಣು ಊದಿಕೊಂಡಿತ್ತು. ಗಾಯದ ಪಟ್ಟಿ ಬಿಚ್ಚಿ ನೋಡಿ, "ನೆನ್ನೆನೇ ಕಾಲು ತೆಗೀಬೇಕಿತ್ತು. ಕ್ಷಮಿಸಿ, ಕೈ ಸಾಲ್ತಿಲ್ಲ" ಎಂದು ಅತ್ತಳು. ಅವಳ ಮೇಲೆ ನನಗೆ ಸಿಟ್ಟಿಲ್ಲ.

ನೀನು ಸೆಪ್ಟೆಂಬರ್ ನಾಲ್ಕರಿಂದ ಚೀಲ ಕಟ್ಟಿಕೊಂಡು ಕೂತಿದ್ದೆ ಎಂದು ಬರೆದಿದ್ದೀಯ. ಆ ಒಂದು ಸಾಲನ್ನು ಎಷ್ಟು ಸಲ ಓದಿದೆನೋ. ನೀನು ಅಲ್ಲಿ, ಇವಳು ಇಲ್ಲಿ. ನಡುವೆ ಇದ್ದದ್ದು ಗಾಳಿಯಲ್ಲ, ನೀರಲ್ಲ. ಗಾಳಿ, ನೀರು ಎರಡೂ ಆಗ ಹೋಗಿದ್ದವು. ನಡುವೆ ಇದ್ದದ್ದು ಇಸ್ತ್ರಿ ಮಾಡಿದ ಅಂಗಿ ತೊಟ್ಟ ಕೆಲವು ಗಂಡಸರು. ಅವರ ಮನೆಯಲ್ಲಿ ಯಾರ ಕಾಲೂ ಕಪ್ಪಾಗಿರಲಿಲ್ಲ.

ನಿಮ್ಮವರನ್ನೂ ಕೇಳಬೇಕೆನಿಸುತ್ತದೆ. ಈ ಬಾಗಿಲು ತೆರೆಯುವುದಿಲ್ಲವೆಂದು ಗೊತ್ತಿದ್ದೇ ತಟ್ಟಿದರೇ? ಈಗ ನಿಮ್ಮ ಹವಾನಾಕ್ಕೂ ಕಡಲು ನುಗ್ಗಿದೆಯಂತೆ. ಹಾನಿ ಅಂದಾಜು ಮಾಡಲು ನಮ್ಮವರು ಮೂವರನ್ನು ಕಳಿಸುತ್ತಾರಂತೆ. ಸಾವಿರ ವೈದ್ಯರನ್ನು ಬೇಡವೆಂದವರು ಮೂವರು ಗುಮಾಸ್ತರನ್ನು ಕೊಡುತ್ತಿದ್ದಾರೆ. ನಗಬೇಕು ಅನಿಸುತ್ತದೆ, ನಗು ಬರುವುದಿಲ್ಲ.

ಎವೆಲಿಯೋ


ಪಾಕಿಸ್ತಾನದ ಬೆಟ್ಟಗಳಿಂದ
8 ಡಿಸೆಂಬರ್ 2005

ಅಣ್ಣಾ,

ನಿನ್ನ ಕಾಗದ ಹವಾನಾಕ್ಕೆ ಹೋಗಿ, ಅಲ್ಲಿಂದ ಇಲ್ಲಿಗೆ ಬಂದು ಹತ್ತು ದಿನದ ಹಿಂದೆ ಸಿಕ್ಕಿತು. ಭೂಕಂಪವಾದ ಕೂಡಲೇ ನಮ್ಮ ತಂಡವನ್ನು ಇಲ್ಲಿಗೆ ಕಳಿಸಿದರು. ನಿಮಗೆಂದು ಕಟ್ಟಿದ ಚೀಲವನ್ನೇ ಹೊತ್ತು ಬಂದೆ.

ಕಾಗದವನ್ನು ಶಸ್ತ್ರಚಿಕಿತ್ಸೆಯ ಡೇರೆಯ ಹಿಂದೆ ನಿಂತು ಓದಿದೆ. ಮೊದಲ ಮೂರು ಸಾಲು ಓದಿದ ಮೇಲೆ ಮುಂದಿನದೆಲ್ಲ ಗೊತ್ತಿತ್ತು. ಒಬ್ಬ ವೈದ್ಯೆಗೆ ಅಷ್ಟೇ ಸಾಕು. ತೀರಿಕೊಂಡಳೆಂದು ಓದಿದ ಮೇಲೂ ಎಲ್ಲೋ ಬದುಕುತ್ತಾಳೇನೋ ಎಂದು ಕೊನೆಯವರೆಗೂ ಓದಿದೆ. ಆಮೇಲೆ ಹಿಮದಲ್ಲಿ ಕೂತುಬಿಟ್ಟೆ. ಹೆರಿಬೆರ್ತೋ ಬಂದು ಎಬ್ಬಿಸಿದ. ಕಾಗದವನ್ನು ಅವನ ಕೈಗೆ ಕೊಟ್ಟೆ.

ನಾನು ಅಕ್ಟೋಬರಿನಲ್ಲಿ ಬರೆದ ಕಾಗದದಲ್ಲಿ ಗತಿಸಿದವಳ ಕಾಲಿನ ಬಣ್ಣ ಕೇಳಿ ನಿನ್ನನ್ನು ಹಿಂಡಿದೆ. ಅವಳಿಂದ ಎರಡು ಸಾಲು ಬರೆಸು ಎಂದೆ. ನೀನು ಅದನ್ನು ಓದುವಾಗ ನಿನ್ನ ಪಕ್ಕ ಯಾರೂ ಇರಲಿಲ್ಲ. ಆ ಕಾಗದವನ್ನು ಹರಿದು ಹಾಕು.

ಇಲ್ಲಿ ಹೆಂಗಸರು ಗಂಡು ವೈದ್ಯರ ಕೈಗೆ ಮೈಕೊಡುವುದಿಲ್ಲ, ಹಾಗಾಗಿ ಎಲ್ಲರೂ ನನ್ನ ಡೇರೆಗೇ. ಕಾಗದ ಸಿಕ್ಕ ಮರುದಿನ, ಮರುಕಂಪನಕ್ಕೆ ಗೋಡೆ ಬಿದ್ದು ಜಜ್ಜಿಹೋದ ಕಾಲಿನೊಂದಿಗೆ ಜರೀನಾ ಎಂಬವಳನ್ನು ಮಂಚದ ಸಮೇತ ಬೆಟ್ಟದಿಂದ ಹೊತ್ತು ತಂದರು. ಕಾಲು ತೆಗೆಯಲೇಬೇಕಿತ್ತು. ಅವಳ ಮಾವ ಅಡ್ಡ ನಿಂತು ಕೂಗಾಡಿದ. ನಾನು ಸ್ಪ್ಯಾನಿಷಿನಲ್ಲೇ ಅವನ ಮೇಲೆ ಕೂಗಾಡಿದೆ. ದುಭಾಷಿ ಹುಡುಗಿ ಏನು ಹೇಳಿದಳೋ, ಅವನು ಪಕ್ಕಕ್ಕೆ ಸರಿದ. ಅವಳು ಬದುಕಿದಳು. ಈಗ ಚಹಾಕ್ಕೆ ಸಕ್ಕರೆ ಕಡಿಮೆಯೆಂದು ನನ್ನ ಮೇಲೆ ಮುನಿಸಿಕೊಳ್ಳುತ್ತಾಳೆ. ಅವಳು ಮುನಿಸಿಕೊಂಡಾಗಲೆಲ್ಲ ನನಗೆ ಸಂತೋಷವೂ ಆಗುತ್ತದೆ, ವರ್ನಾಳೂ ಕಣ್ಣ ಮುಂದೆ ಬರುತ್ತಾಳೆ. ಈ ದೇಶಕ್ಕೂ ನಮಗೂ ಏನು ಸ್ನೇಹವಿತ್ತು? ಇಲ್ಲಿ ನಮ್ಮದೊಂದು ರಾಯಭಾರ ಕಚೇರಿಯೂ ಇರಲಿಲ್ಲ. ಆದರೂ "ಬನ್ನಿ" ಎಂದರು. ಅದೊಂದು ಮಾತಿಗೆ ಏನು ಖರ್ಚಾಗುತ್ತದೆ ಅಣ್ಣಾ?

ಹೆರಿಬೆರ್ತೋ ಸಂಕಟ ತಾಳದೆ ಯಾರಿಗೋ ಹೇಳಿದ್ದಾನೆ. ನಿನ್ನೆ ನಮ್ಮ ಪತ್ರಿಕೆಯವನೊಬ್ಬ ಕ್ಯಾಮೆರಾ ಹಿಡಿದು ಬಂದ.

"ಡಾಕ್ಟರ್, ನಿಮ್ಮ ಅತ್ತಿಗೆ ವಿಷಯ ಕೇಳಿದೆ. ಎಂಥ ಕಥೆ! ಎರಡು ಮಾತು ಹೇಳಿಬಿಡಿ. ಜಗತ್ತಿಗೆ ಗೊತ್ತಾಗ್ಲಿ."

"ಏನು ಗೊತ್ತಾಗ್ಬೇಕು?"

"ಅಮೆರಿಕದವರು ಎಂಥವರು ಅಂತ."

"ನಮ್ಮತ್ತಿಗೆ ಕೂಡ ಅಮೆರಿಕದವಳೇ ಕಣ್ರೀ. ಅವಳು ಎಂಥವಳು ಅಂತ ಬರೀತೀರಾ? ಏಡಿ ಸಾರು ಹೇಗೆ ಮಾಡ್ತಿದ್ಲು, ಕುಣಿಯೋಕೆ ನಿಂತ್ರೆ ಹೇಗೆ ನಮ್ಮೂರ ಗಂಡಸರ ಕಾಲೆಲ್ಲ ತುಳೀತಿದ್ಲು, ಅದು ಬರೀತೀರಾ?"

"ಅದಲ್ಲ ಡಾಕ್ಟರ್, ರಾಜಕೀಯವಾಗಿ..."

"ಹಾಗಾದ್ರೆ ಎದ್ದೇಳಿ. ಹೊರಗೆ ರೋಗಿಗಳಿದ್ದಾರೆ."

ಅವನು ಹೋದ. ಏನೂ ಆಗಲಿಲ್ಲ, ಚಿಂತೆ ಮಾಡಬೇಡ. ತೆರೆಯುವುದಿಲ್ಲವೆಂದು ಗೊತ್ತಿದ್ದೇ ಬಾಗಿಲು ತಟ್ಟಿದರೇ ಎಂದು ಕೇಳಿದೆಯಲ್ಲ. ತಟ್ಟಿಸಿದವರ ಮನಸ್ಸಿನಲ್ಲಿ ಏನಿತ್ತೋ ತಿಳಿಯದು. ತಟ್ಟಿದ ಕೈಗಳು ನಮ್ಮವು, ಅವು ಸುಳ್ಳಾಗಿರಲಿಲ್ಲ.

ನಿನ್ನ ಒದಾ


ಚಾಲ್ಮೆಟ್, ಲೂಸಿಯಾನಾ
12 ಫೆಬ್ರವರಿ 2006

ಒದಾ,

ಊರಿಗೆ ಮರಳಿದ್ದೇನೆ. ಮನೆ ಇದ್ದ ಜಾಗದಲ್ಲಿ ಸರ್ಕಾರ ಕೊಟ್ಟ ಬಿಳಿ ಟ್ರೇಲರ್ ನಿಂತಿದೆ. ದೋಣಿ ಎಂಜಿನ್ ರಿಪೇರಿ ಮತ್ತೆ ಶುರು ಮಾಡಿದ್ದೇನೆ. ವರ್ನಾಳನ್ನೂ ಕರೆತಂದೆ. ಟೆಕ್ಸಸ್ಸಿನವರು ಅವಳ ದೇಹ ಬಿಟ್ಟುಕೊಡಲು ತಿಂಗಳುಗಟ್ಟಲೆ ಅಲೆಸಿದರು. ಈಗ ಅವಳ ಅಜ್ಜಿಯ ಪಕ್ಕದಲ್ಲಿದ್ದಾಳೆ.

ನಿನ್ನ ಕಾಗದವನ್ನು ಹರಿಯಲಿಲ್ಲ. ಅವಳ ಬಗ್ಗೆ ಅಷ್ಟು ಕಾಳಜಿಯಿಂದ ಪ್ರಶ್ನೆ ಕೇಳಿದವರು ಈ ಇಡೀ ದೇಶದಲ್ಲಿ ಒಬ್ಬರೂ ಇರಲಿಲ್ಲ.

ಕಳೆದ ವಾರ ಇಲ್ಲಿ ವಿಚಾರಣಾ ಸಭೆ ನಡೆಯಿತು. ಮೇಲಿನಿಂದ ಅಧಿಕಾರಿಗಳು ಬಂದಿದ್ದರು. ಜನ ಒಡೆದುಹೋದ ಒಡ್ಡಿನ ಬಗ್ಗೆ, ವಿಮೆಯ ಬಗ್ಗೆ ಮಾತಾಡಿದರು. ನಾನು ಇಪ್ಪತ್ತೈದು ವರ್ಷದಿಂದ ಇಂಥ ಕಡೆ ಹಿಂದಿನ ಸಾಲಿನಲ್ಲಿ ಟೋಪಿ ಕೆಳಗೆಳೆದು ಕೂರುವವನು. ನನ್ನ ಇಂಗ್ಲಿಷ್ ಕೇಳಿ ನಗುತ್ತಾರೆಂದು ಭಯ. ಅಂದು ಎದ್ದು ನಿಂತೆ.

"ನನ್ನ ಹೆಂಡ್ತಿ ವರ್ನಾ ಇದೇ ಊರಲ್ಲಿ ಹುಟ್ಟಿದವಳು. ಡಾಕ್ಟರ್ ಸಿಗದೆ ಸತ್ಲು. ಅವಳು ಸಾಯೋ ಹೊತ್ತಿಗೆ ಡಾಕ್ಟರ್ ಆಗಿರೋ ನನ್ನ ತಂಗಿ ಔಷಧಿ ಚೀಲ ಹೊತ್ಕೊಂಡು ಹವಾನಾದಲ್ಲಿ ಕಾಯ್ತಾ ಇದ್ಲು. ಅವಳ ಜೊತೆ ಸಾವಿರಕ್ಕೂ ಜಾಸ್ತಿ ಜನ. ಅವರು ಬೇಡ ಅಂತ ಹೇಳಿದ್ದು ಯಾರು? ಹೆಸರು ಬೇಕು ನನಗೆ."

ಅಧಿಕಾರಿ ಕನ್ನಡಕ ಸರಿಪಡಿಸಿಕೊಂಡ. "ನಿಮ್ಮ ನೋವು ಅರ್ಥ ಆಗುತ್ತೆ, ಸರ್. ಆದ್ರೆ ವಿದೇಶಾಂಗ ವಿಷಯ ಈ ಸಭೆ ವ್ಯಾಪ್ತಿಗೆ ಬರಲ್ಲ."

"ನನ್ನ ಹೆಂಡ್ತಿ ಕಾಲು ವಿದೇಶಾಂಗ ವಿಷಯ ಅಲ್ಲ ಸ್ವಾಮಿ!"

ಹಿಂದಿನಿಂದ ಒಬ್ಬ ಕೂಗಿದ: "ಅಷ್ಟು ಚೆನ್ನಾಗಿದ್ರೆ ಕ್ಯೂಬಾಕ್ಕೇ ಹೋಗಪ್ಪ!" ಇನ್ನೂ ನಾಲ್ಕು ಜನ ದನಿಗೂಡಿಸಿದರು. ಆಗ ಲಾಯ್ಡ್ ಎದ್ದ. ಅವನು ಎದ್ದರೆ ಅರ್ಧ ಕೋಣೆ ಕತ್ತಲಾಗುತ್ತದೆ.

"ಯಾರೋ ಅವನು ಮಾತಾಡಿದ್ದು? ಇವನನ್ನ ಕೆಣಕೋ ಹಕ್ಕು ನನ್ನೊಬ್ಬನಿಗೇ ಇರೋದು. ವರ್ನಾ ನನ್ನ ಅಕ್ಕ. ನಿನ್ನ ಅಮ್ಮನ್ನ ಛಾವಣಿಯಿಂದ ಇಳಿಸ್ದಾಗ ನಾನು ಯಾವ ದೇಶದವನು ಅಂತ ಕೇಳಿದ್ಯೇನೋ? ಅವತ್ತು ದೆವ್ವ ಬಂದು ಔಷಧಿ ಕೊಟ್ಟಿದ್ರೂ ನಾನು ಇಸ್ಕೊಂಡು ಅಕ್ಕನಿಗೆ ಕುಡಿಸ್ತಿದ್ದೆ. ಹೆಸರು ಕೇಳ್ತಿದಾನೆ ಅವನು. ಹೆಸರು ಹೇಳ್ರಿ!"

ಆಮೇಲೆ ಒಬ್ಬೊಬ್ಬರಾಗಿ ಎದ್ದರು. ತಾಯಿ ಕಳೆದುಕೊಂಡವರು, ಗಂಡನನ್ನು ಕಳೆದುಕೊಂಡವರು. ಇಡೀ ಸಭೆ, "ಹೆಸರು ಹೇಳಿ" ಎಂದು ಕೂಗಿತು. ಅಧಿಕಾರಿಗಳು ಕಡತ ಎತ್ತಿಕೊಂಡು ಹಿಂದಿನ ಬಾಗಿಲಿನಿಂದ ಹೋದರು. ಹೆಸರು ಸಿಗಲಿಲ್ಲ. ಆದರೆ ನಮ್ಮ ಪ್ರಶ್ನೆ ಸಭೆಯ ದಾಖಲೆಯಲ್ಲಿ ಸೇರಿತು, ಲಾಯ್ಡ್ ಬಾಗಿಲಿಗೆ ಅಡ್ಡ ನಿಂತು ಬರೆಸಿದ.

ಹಾನಿ ಅಂದಾಜಿಗೆ ನಿಮ್ಮಲ್ಲಿಗೆ ಬರಬೇಕಿದ್ದ ಆ ಮೂವರು ಗುಮಾಸ್ತರೂ ಕೊನೆಗೆ ಬರಲಿಲ್ಲವಂತೆ. ಎರಡು ಕಡೆಯವರೂ ಯಾವ ಮಾತನ್ನು ಮೊದಲು ಆಡಬೇಕೆಂದು ಕಿತ್ತಾಡಿ ಬಿಟ್ಟರಂತೆ. ನನಗೆ ಈಗ ಆಶ್ಚರ್ಯವಾಗುವುದಿಲ್ಲ.

ನಿನ್ನನ್ನು ನೋಡಬೇಕು. ಅಮ್ಮನ ಮಣ್ಣಿಗೆ ಬಂದುಹೋಗಿದ್ದರಿಂದ ಇನ್ನು 2007ರವರೆಗೆ ಬರಕೂಡದು ಎಂದು ನಮ್ಮವರ ಕಾನೂನು, ಮೂರು ವರ್ಷಕ್ಕೊಮ್ಮೆ ಮಾತ್ರ. ನೀನು ಮೆರಿದಾಕ್ಕೆ ಬರಬಲ್ಲೆಯಾ? ವರ್ನಾಳ ವರ್ಷದ ಪ್ರಾರ್ಥನೆಗೆ ಗ್ವಾದಲೂಪೆಯ ಮನೆಯಲ್ಲಿ ಸೇರೋಣ.

ಅಣ್ಣ


ಲೋಸ್ ಪಲಾಸಿಯೋಸ್
20 ಜೂನ್ 2006

ಅಣ್ಣಾ,

ಕಳೆದ ತಿಂಗಳು ಊರಿಗೆ ಮರಳಿದೆ. ಹವಾನಾದಲ್ಲಿ ಬಾವುಟ, ಬ್ಯಾಂಡು, ಪದಕ. ಎಲ್ಲರ ಕೊರಳಿಗೂ ಹಾಕಿದರು, ನನ್ನ ಹೆಸರು ಮಾತ್ರ ಬರಲಿಲ್ಲ. ಕ್ಯಾಮೆರಾದವನು ಏನು ವರದಿ ಕೊಟ್ಟಿದ್ದನೋ. ಹೆರಿಬೆರ್ತೋ ತನ್ನ ಪದಕ ಬಿಚ್ಚಿ ನನ್ನ ಕೈಗೆ ತುರುಕಿ, "ಇದು ನಿಮ್ಮತ್ತಿಗೆಗೆ. ನನ್ನ ಕತ್ತಿಗೆ ಚುಚ್ಚುತ್ತೆ" ಎಂದ.

ನೀನು ಹೇಳಿದಂತೆ ಮೆರಿದಾಕ್ಕೆ ಹೋಗಲು ಅರ್ಜಿ ಕೊಟ್ಟೆ. ವೈದ್ಯರು ದೇಶ ದಾಟಬೇಕಾದರೆ ಮೇಲಿನವರು ಬಿಡಬೇಕು. ನಿನ್ನೆ ಕರೆಸಿದರು.

"ಯಾಕೆ ಹೋಗ್ಬೇಕು ಡಾಕ್ಟರ್?"

"ಅಣ್ಣನ್ನ ನೋಡೋಕೆ."

"ಅಣ್ಣ ದೇಶ ಬಿಟ್ಟು ಹೋದವನು. ನೀವೂ ವಾಪಸ್ ಬರ್ದೇ ಇದ್ರೆ?"

"ಪಾಕಿಸ್ತಾನದಿಂದ ವಾಪಸ್ ಬಂದೆನಲ್ಲ?"

"ಅದು ಬೇರೆ. ಅದು ದೇಶದ ಕೆಲಸ."

"ನೀವು ಭೂಮಿಯ ಆ ತುದಿಗೆ ಕಳಿಸೋದಾದ್ರೆ ಒಂದೇ ದಿನದಲ್ಲಿ ನನ್ನನ್ನ ನಂಬ್ತೀರ. ಹೆಂಡ್ತಿ ಸತ್ತ ನನ್ನಣ್ಣನ ಹತ್ರ ಒಂದು ವಾರ ಕೂತ್ಕೊಳೋಕೆ ಮಾತ್ರ ನಾನು ಕಳ್ಳಿ!"

"ದನಿ ತಗ್ಗಿಸಿ, ಡಾಕ್ಟರ್."

ನಾನು ತಗ್ಗಿಸಲಿಲ್ಲ. ಕಾರಿಡಾರಿನಲ್ಲಿದ್ದವರೆಲ್ಲ ಬಾಗಿಲ ಬಳಿ ಬಂದರು. ಅರ್ಜಿ ತಿರಸ್ಕೃತವಾಯಿತು.

ಅಣ್ಣಾ, ನಿಮ್ಮವರು ಬಾಗಿಲು ತೆರೆಯಲಿಲ್ಲವೆಂದು ನಾನು ಉರಿದೆ. ನಮ್ಮವರು ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ತಮ್ಮ ಜೇಬಿನಲ್ಲಿಟ್ಟುಕೊಂಡಿದ್ದಾರೆ. ಈ ಕಾಗದವನ್ನು ನಡುವೆ ಯಾರಾದರೂ ಒಡೆದು ಓದುವವರಿದ್ದರೆ ಓದಲಿ. ದೊಡ್ಡ ಅಕ್ಷರದಲ್ಲೇ ಬರೆದಿದ್ದೇನೆ.

ಒದಾ


ಮೆರಿದಾ, ಮೆಕ್ಸಿಕೋ
14 ಜುಲೈ 2006

ಒದಾ,

ಗ್ವಾದಲೂಪೆಯ ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ನಿನ್ನನ್ನು ಬಿಡಲಿಲ್ಲವಲ್ಲ, ವರ್ಷದ ಪ್ರಾರ್ಥನೆಯವರೆಗೂ ಕಾಯದೆ ನಾನೇ ನಾಡಿದ್ದು ಹವಾನಾಕ್ಕೆ ಹೊರಡುತ್ತೇನೆ. ಇವಳ ಸಹೋದ್ಯೋಗಿಯೊಬ್ಬರು ಇಂದೇ ಅಲ್ಲಿಗೆ ಹೋಗುತ್ತಿದ್ದಾರೆ, ಈ ಕಾಗದ ಅವರ ಕೈಯಲ್ಲಿ ನನಗಿಂತ ಮುಂಚೆ ನಿನ್ನನ್ನು ತಲುಪುತ್ತದೆ.

ನನ್ನ ಹಳೆಯ ಕ್ಯೂಬಾ ಪಾಸ್‌ಪೋರ್ಟಿಗೆ ನಿಮ್ಮವರು ಮೊಹರು ಒತ್ತಿಕೊಟ್ಟಿದ್ದಾರೆ. ನಮ್ಮವರ ಅನುಮತಿಯನ್ನು ನಾನು ಕೇಳಲೇ ಇಲ್ಲ. ಕೇಳಿದ್ದರೆ ಇನ್ನೊಂದು ವರ್ಷ ಕಾಯಿ ಎನ್ನುತ್ತಿದ್ದರು. ಕಾಯಬಹುದು ಎಂದು ಕೈಗೆ ಪಟ್ಟಿ ಕಟ್ಟಿದವರ ಮಾತನ್ನು ನಾನು ಒಮ್ಮೆ ಕೇಳಿದ್ದೇನೆ. ವಾಪಸ್ ಹೋದಾಗ ದಂಡ ಹಾಕುತ್ತಾರೆ, ವಿಚಾರಣೆ ಮಾಡುತ್ತಾರೆ ಎಂದು ಎಲ್ಲರೂ ಹೆದರಿಸಿದರು. ಮಾಡಲಿ. ವಿಚಾರಣೆಯಲ್ಲಿ ನನಗೂ ಕೇಳುವುದಿದೆ. ಲಾಯ್ಡ್ ತಾನೂ ಬಂದು ನಿಲ್ಲುತ್ತೇನೆಂದಿದ್ದಾನೆ.

ನಿಮ್ಮ ವಿಮಾನ ನಿಲ್ದಾಣದಲ್ಲಿ ಯಾರಾದರೂ ಕ್ಯಾಮೆರಾ ಹಿಡಿದು ಬಂದರೆ ಒದ್ದೋಡಿಸು. ನಾನು ತಪ್ಪೊಪ್ಪಿಕೊಂಡು ಮರಳಿದ ಹುಳುವಲ್ಲ, ಅತ್ತ ಕಡೆಯವರಿಗೆ ಬುದ್ಧಿ ಕಲಿಸಲು ಬಂದ ವೀರನೂ ಅಲ್ಲ. ನೀನು ಯಾರ ಪರ ಎಂದು ಇಪ್ಪತ್ತಾರು ವರ್ಷದಿಂದ ಎರಡೂ ದಡದವರು ನನ್ನನ್ನು ಕೇಳುತ್ತಲೇ ಇದ್ದಾರೆ. ಒಂದು ಸಲವೂ ಸರಿಯಾಗಿ ಉತ್ತರ ಕೊಟ್ಟಿರಲಿಲ್ಲ. ಈ ಸಲ ಕೇಳಿದರೆ, ವರ್ನಾಳ ಪರ ಎನ್ನುತ್ತೇನೆ. ಅರ್ಥವಾಗದಿದ್ದರೆ ಜೋರಾಗಿ ಇನ್ನೊಮ್ಮೆ ಹೇಳುತ್ತೇನೆ.

ಮಧ್ಯಾಹ್ನದ ವಿಮಾನ. ಬಾಗಿಲ ಹತ್ತಿರವೇ ನಿಂತಿರು.

ಅಣ್ಣ